ಚಿತ್ರ ಬದಲಾಗಿದೆ

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳಲು ರೈಟರಿಗೆ ಸ್ವಲ್ಪ ಕಷ್ಟವೇ ಆಯಿತು. ದೂರು ತಂದವನು ಚಿತ್ರಶಾಲೆಯ ಮೇಲ್ವಿಚಾರಕ. ಇಸ್ತ್ರಿ ಮುರಿಯದ ಅಂಗಿ, ಎರಡು ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವ ಚಾಳಿ. ಚಿತ್ರಶಾಲೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಹೆಸರಾಂತ ಛಾಯಾಚಿತ್ರವೊಂದನ್ನು ಯಾರೋ ಕದ್ದು, ಅದರ ಜಾಗದಲ್ಲಿ ನಕಲನ್ನು ತೂಗುಹಾಕಿದ್ದಾರೆ ಎಂಬುದು ಅವನ ದೂರು.

"ಬೀಗ ಒಡೆದಿದಾರಾ?" ರೈಟರ್ ಕೇಳಿದ.

"ಇಲ್ಲ."

"ಕಿಟಕಿ?"

"ಇಲ್ಲ."

"ಮತ್ತೆ ಬದಲಾಯಿಸಿದ್ದು ಹೇಗೆ ಗೊತ್ತಾಯ್ತು?"

"ಕಪ್ಪು ಬೇರೆ ಇದೆ."

ರೈಟರ್ ಪೆನ್ನು ನಿಲ್ಲಿಸಿ ತಲೆಯೆತ್ತಿದ. ಕಳುವಾದ ಬೈಕು, ಕಳುವಾದ ಮೊಬೈಲು, ಒಮ್ಮೆ ಕಳುವಾದ ಬಾವಿಯ ಪಂಪು, ಎಲ್ಲವನ್ನೂ ಬರೆದ ಕೈ ಅದು. ಕಪ್ಪು ಕಳುವಾದದ್ದನ್ನು ಎಂದೂ ಬರೆದಿರಲಿಲ್ಲ.

ಒಳಕೋಣೆಯಲ್ಲಿ ಕುಳಿತಿದ್ದ ಇನ್‌ಸ್ಪೆಕ್ಟರ್ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆಕೆಯ ಕೋಣೆಯ ಬಾಗಿಲು ಯಾವಾಗಲೂ ಗೇಣಗಲ ತೆರೆದೇ ಇರುತ್ತಿತ್ತು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಗ್ಯಾಸಿನ ತಿರುಪನ್ನು ಮುಟ್ಟಿ ನೋಡಿ, ಬೀಗ ಹಾಕಿ, ಬೀಗವನ್ನು ಎಳೆದು ನೋಡಿ, ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಮತ್ತೊಮ್ಮೆ ಎಳೆದು ನೋಡುವ ಹೆಂಗಸು. ಠಾಣೆಯ ಕಾಗದಗಳ ವಿಷಯದಲ್ಲೂ ಅಷ್ಟೇ. ಒಂದು ಮಾತು ಆಚೀಚೆ ಆದರೆ ಯಾರದೋ ಬದುಕು ಆಚೀಚೆ ಆಗುತ್ತದೆ ಎಂಬ ಅಂಜಿಕೆ ಆಕೆಯ ಬೆನ್ನಿಗೆ ಸದಾ ಅಂಟಿಕೊಂಡಿತ್ತು. ಆಕೆಯ ಸಹಿ ಬೀಳುವಷ್ಟರಲ್ಲಿ ಕಾಫಿ ಆರುತ್ತದೆ ಎಂದು ಸಿಬ್ಬಂದಿ ಆಡಿಕೊಳ್ಳುತ್ತಿದ್ದರು. ಅದು ಆಕೆಗೂ ಗೊತ್ತಿತ್ತು.

ಕಳವು ಎಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನಕ್ಕೆ ಮುಂಚೆ ಆಕೆ ರೈಟರ್ ಮತ್ತು ಹೆಡ್ ಕಾನ್‌ಸ್ಟೆಬಲ್ ಜೊತೆ ಸ್ಥಳಕ್ಕೆ ಹೊರಟಳು. ಈ ಹೆಡ್ ಕಾನ್‌ಸ್ಟೆಬಲನ್ನು ಇಡೀ ಠಾಣೆ ಸೀನಣ್ಣ ಎಂದು ಕರೆಯುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರಿಗೂ ಇದಕ್ಕೂ ಸಂಬಂಧವಿರಲಿಲ್ಲ. ಬಣ್ಣ, ವಾರ್ನಿಷ್, ಅಗ್ಗದ ಸೆಂಟು, ಯಾವುದರ ವಾಸನೆ ಬಡಿದರೂ ಅವನಿಗೆ ಸೀನು. ಅದರಿಂದ ಬಂದ ಹೆಸರು. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಅಡಗಿ ಕುಳಿತು ಕಳ್ಳನನ್ನು ಹಿಡಿಯಬೇಕಾಗಿದ್ದ ಒಂದು ಪ್ರಕರಣ ಇವನ ಮೂಗಿನಿಂದಾಗಿಯೇ ಹಳ್ಳ ಹಿಡಿದಿತ್ತು.

ಚಿತ್ರಶಾಲೆ ಹಳೆಯ ಗೋದಾಮೊಂದನ್ನು ತಿದ್ದಿ ಮಾಡಿದ್ದು. ಎತ್ತರದ ಮಾಡು, ಸುಣ್ಣದ ಗೋಡೆ, ಒಂದೊಂದು ಚಿತ್ರಕ್ಕೂ ಮೇಲಿನಿಂದ ಒಂದೊಂದು ದೀಪ. ಎಲ್ಲವೂ ಒಬ್ಬನೇ ಛಾಯಾಗ್ರಾಹಕನ ಕಪ್ಪು ಬಿಳುಪು ಚಿತ್ರಗಳು. ಅವರನ್ನು ಎಲ್ಲರೂ ಫೋಟೋ ಮೇಷ್ಟ್ರು ಎನ್ನುತ್ತಿದ್ದರು. ದೂರಿನ ಚಿತ್ರ ಕೊನೆಯ ಗೋಡೆಯಲ್ಲಿತ್ತು. ಒಬ್ಬ ಬೇಕರಿಯವನು ಉದ್ದ ಹಿಡಿಯ ಮರದ ಹಲಗೆಯಿಂದ ಬ್ರೆಡ್ಡನ್ನು ಒಲೆಯ ಬಾಯಿಗೆ ತಳ್ಳುತ್ತಿದ್ದಾನೆ. ಬೆಂಕಿಯ ಬೆಳಕು ಅವನ ಮುಖದ ಅರ್ಧಕ್ಕೆ, ಮೊಣಕೈಗೆ, ಎದೆಯ ಬೆವರಿಗೆ ಬಿದ್ದಿದೆ. ಅವನ ಬೆನ್ನ ಹಿಂದೆ ಬರೀ ಕತ್ತಲೆ. ಕೆಳಗಿನ ಪುಟ್ಟ ಹಲಗೆಯ ಮೇಲೆ ಚಿತ್ರದ ಹೆಸರು: 'ಒಬ್ಬನೇ'.

ಎದುರಿನ ಸ್ಟೇಷನರಿ ಅಂಗಡಿಯವನನ್ನೂ ಒಬ್ಬ ಟೈಲರನ್ನೂ ಪಂಚರಾಗಿ ಕರೆತಂದು ಪಂಚನಾಮೆ ಶುರುವಾಯಿತು. ರೈಟರ್ ಬರೆದ: ಒಬ್ಬ ಗಂಡಸು, ಒಲೆ, ಹಿನ್ನೆಲೆ ಕಪ್ಪು. ಮೇಲ್ವಿಚಾರಕ ಬಿಳಿ ಕೈಗವಸು ಹಾಕಿಕೊಂಡು ಚೌಕಟ್ಟನ್ನು ಇಳಿಸಿ, ಮೇಜಿನ ಮೇಲೆ ಬೋರಲು ಹಾಕಿದ. ಹಿಂಬದಿಗೆ ಸುತ್ತಲೂ ಕಂದು ಕಾಗದದ ಟೇಪು ಅಂಟಿಸಿತ್ತು. ಪ್ರತಿ ಪಟ್ಟಿಯ ತುದಿಯನ್ನೂ ಒಳಕ್ಕೆ ಕಿರಿದಾಗಿ ಮಡಚಿತ್ತು, ಮುಂದೆ ಬಿಚ್ಚುವವರಿಗೆ ಉಗುರಿಗೆ ಸಿಗಲಿ ಎಂಬಂತೆ. ಇನ್‌ಸ್ಪೆಕ್ಟರ್ ಪಕ್ಕದ ಚೌಕಟ್ಟನ್ನೂ ತಿರುಗಿಸಿ ನೋಡಿದಳು. ಅದೇ ಟೇಪು, ಅದೇ ಮಡಿಕೆ. ಆದರೆ ಅದರ ಅಂಚಿಗೆ ತೆಳ್ಳಗೆ ಧೂಳು ಕೂತಿತ್ತು, ಇದಕ್ಕೆ ಇರಲಿಲ್ಲ.

ಟೇಪು ಬಿಚ್ಚಿ ಹಿಂಬದಿಯ ರಟ್ಟು ಎತ್ತಿದ್ದೇ ತಡ, ಸೀನಣ್ಣ ಸೀನತೊಡಗಿದ. ಒಂದಲ್ಲ, ಎರಡಲ್ಲ. ಪಂಚನಾಮೆಯ ಕಾಗದ ಹಾರಿ ಟೈಲರನ ಕಾಲಿಗೆ ಬಿತ್ತು. ಮೇಲ್ವಿಚಾರಕ ಎರಡೂ ಕೈ ಅಡ್ಡ ಹಿಡಿದು ಚಿತ್ರವನ್ನು ಕಾಪಾಡಿಕೊಂಡ.

"ಹೊರಗೆ ಹೋಗ್ರೀ, ಸೀನಣ್ಣ."

"ಮೇಡಂ, ಇದರೊಳಗೆ ಏನೋ ಇದೆ," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. ಯಾರೂ ಅದನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಇನ್‌ಸ್ಪೆಕ್ಟರ್ ಮಾತ್ರ ಬಗ್ಗಿ ಮೂಸಿದಳು. ಉಗುರುಬಣ್ಣದಂಥ ಸಣ್ಣ ಘಾಟು ಇತ್ತು.

ಫೋಟೋ ಮೇಷ್ಟ್ರನ್ನೂ ಕರೆಸಿದ್ದರು. ಎಂಬತ್ತು ದಾಟಿದ ಮನುಷ್ಯ, ಊರುಗೋಲು, ನೇರ ಬೆನ್ನು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಅವರ ಕೆನ್ನೆಯಲ್ಲಿ ಏನೋ ಅದುರಿದ್ದನ್ನು ಇನ್‌ಸ್ಪೆಕ್ಟರ್ ಗಮನಿಸಿದಳು. "ಇದು ನನ್ನದಲ್ಲ. ನನ್ನ ಕಪ್ಪು ಹೀಗಿರಲ್ಲ," ಎಂದಷ್ಟೇ ಹೇಳಿ, ಕೊಟ್ಟ ಕುರ್ಚಿಯಲ್ಲೂ ಕೂರದೆ ಹೊರಟುಹೋದರು.

ಮಾಡಿದವರೇ ತಮ್ಮದಲ್ಲ ಎಂದ ಮೇಲೆ ನಕಲು ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಉಳಿದದ್ದು, ಅಸಲು ಎಲ್ಲಿ ಎಂಬುದು. ಸೋಮವಾರ ಚಿತ್ರಶಾಲೆಗೆ ರಜೆ. ಬೀಗದ ಕೈ ಇದ್ದದ್ದು ಕಾವಲುಗಾರನ ಬಳಿ. ಹೀಗಾಗಿ ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು.

ಕಾವಲಿನ ತಾತ ಎಂದೇ ಅವನನ್ನು ಅಲ್ಲಿ ಕರೆಯುತ್ತಿದ್ದರು. ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ಚಿತ್ರ ಬದಲಾದದ್ದನ್ನು ಮೊದಲು ಕಂಡು ಹೇಳಿದವನೂ ಅವನೇ ಎಂಬುದು ವಿಚಿತ್ರವಾಗಿತ್ತು. ಬೆಳಿಗ್ಗೆ ಮೇಲ್ವಿಚಾರಕನಿಗೆ ನಗುನಗುತ್ತ ಹೇಳಿದ್ದನಂತೆ. ಈಗ ಮಾತ್ರ ಬಾಯಿಗೆ ಬೀಗ ಜಡಿದುಕೊಂಡಿದ್ದ. ಸೋಮವಾರ ಯಾರು ಬಂದಿದ್ದರು ಎಂದರೆ ಯಾರೂ ಇಲ್ಲ. ಬೆಳಿಗ್ಗೆ? ಯಾರೂ ಇಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು.

"ಇದೇನು ಯಜಮಾನ್ರೇ, ನಾನಿನ್ನೂ ಕೇಳೇ ಇಲ್ಲ," ಎಂದಳು ಇನ್‌ಸ್ಪೆಕ್ಟರ್.

"ಕೇಳಿದ್ರೂ ಅಷ್ಟೇ, ಅಮ್ಮಾ."

ಸಂಜೆ ಮೇಲಧಿಕಾರಿಯ ಫೋನು ಬಂತು. ಬೀಗದ ಕೈ ಒಬ್ಬನ ಹತ್ತಿರ, ಸುಳ್ಳು ಹೇಳುತ್ತಿರುವವನೂ ಅವನೇ, ಇನ್ನೇನು ನೋಡುತ್ತಿದ್ದೀರಿ ಎಂದು ಕೇಳಿದರು. ಪತ್ರಿಕೆಯವರು ಬೇರೆ ಬಂದು ಹೋಗಿದ್ದರು. ಬುಧವಾರ ಸಂಜೆಯೊಳಗೆ ಕಾವಲುಗಾರನನ್ನು ದಸ್ತಗಿರಿ ಮಾಡಬೇಕು, ಅಸಲನ್ನು ಎಲ್ಲಿಟ್ಟಿದ್ದಾನೆಂದು ಕಕ್ಕಿಸಬೇಕು ಎಂಬುದು ಅವರ ಮಾತಿನ ಸಾರ. ಇನ್‌ಸ್ಪೆಕ್ಟರ್ ಆಗಲಿ ಸರ್ ಎಂದಳು. ಫೋನಿಟ್ಟ ಮೇಲೆ ಅದು ಸರಿಯಾಗಿ ಇಟ್ಟಿದೆಯೇ ಎಂದು ಮುಟ್ಟಿ ನೋಡಿದಳು.

ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂಬುದರಲ್ಲಿ ಆಕೆಗೂ ಸಂಶಯವಿರಲಿಲ್ಲ. ಆದರೆ ಕದ್ದವನ ಸುಳ್ಳಿಗೆ ಒಂದು ಬೆವರು ಇರುತ್ತದೆ. ಇವನದು ಹಾಗಿರಲಿಲ್ಲ. ಮನೆಯ ಮಗುವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಇಲ್ಲಿ ಯಾರೂ ಇಲ್ಲ ಎನ್ನುವ ಅಜ್ಜನ ಮುಖ ಅವನದು. ಆ ಮುಖವನ್ನು ಲಾಕಪ್ಪಿಗೆ ತಳ್ಳಿದರೆ ಅದು ಅಲ್ಲಿಂದ ಅದೇ ಮುಖವಾಗಿ ಹೊರಗೆ ಬರುವುದಿಲ್ಲ.

ಬುಧವಾರ ಬೆಳಿಗ್ಗೆ ಆಕೆ ದೂರನ್ನು ಮತ್ತೆ ಓದಿದಳು. 'ಕಾವಲುಗಾರನು ಚಿತ್ರವನ್ನು ಬದಲಾಯಿಸಿರುವುದನ್ನು ಗಮನಿಸಿ ಪಿರ್ಯಾದಿಗೆ ತಿಳಿಸಿದ್ದು' ಎಂಬಲ್ಲಿ ಕಣ್ಣು ನಿಂತಿತು. ಇದು ರೈಟರನ ಭಾಷೆ. ರೈಟರಿಗೆ ಹೇಳಿದ್ದು ಮೇಲ್ವಿಚಾರಕ, ಮೇಲ್ವಿಚಾರಕನಿಗೆ ಹೇಳಿದ್ದು ಕಾವಲುಗಾರ. ಒಂದು ಮಾತು ಎರಡು ಬಾಯಿ ದಾಟಿ ಬಂದಿತ್ತು. ಆಕೆ ಮುದುಕನನ್ನು ಕರೆಸಿ, ಬೆಂಚಿನ ಮೇಲೆ ಕೂರಿಸಿ, ಟೀ ತರಿಸಿಕೊಟ್ಟಳು. ಬೇರೇನನ್ನೂ ಕೇಳಲಿಲ್ಲ.

"ನಿಮ್ಮ ಸಾಹೇಬರಿಗೆ ಮಂಗಳವಾರ ಬೆಳಿಗ್ಗೆ ಏನಂದ್ರಿ? ಅದೇ ಮಾತು ಹೇಳಿ. ಹೆಚ್ಚು ಬೇಡ, ಕಡಿಮೆ ಬೇಡ."

ಮುದುಕ ಟೀ ಊದಿದ. "ಚಿತ್ರ ಬದಲಾಗಿದೆ ಸಾರ್, ಅಂದೆ."

"ಬದಲಾಯಿಸಿದಾರೆ ಅನ್ನಲಿಲ್ವಾ?"

"ಯಾಕನ್ಲಿ? ಊರಿಂದ ಬಂದ ಹುಡುಗನ್ನ ನೋಡಿ ಅನ್ನಲ್ವಾ, ಏನೋ, ಎಷ್ಟು ಬದಲಾಗಿದೀಯಲ್ಲೋ ಅಂತ. ಹಾಗಂದೆ."

"ಹುಡುಗ ಮಾತ್ರ ಅದೇ ಹುಡುಗ."

"ಅದೇ ಮತ್ತೆ," ಎಂದುಬಿಟ್ಟ ಮುದುಕ. ಅಂದ ಮೇಲೆ ಏನು ಅಂದೆ ಎಂಬುದು ಹೊಳೆದು ಲೋಟ ಕೆಳಗಿಟ್ಟ.

ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಗಿತ್ತು. ಇಡೀ ಠಾಣೆ ನಿನ್ನೆಯಿಂದ ಹುಡುಕುತ್ತಿದ್ದ ಅಸಲು ಚಿತ್ರ ಬಹುಶಃ ಗೋಡೆ ಬಿಟ್ಟು ಎಲ್ಲಿಗೂ ಹೋಗಿರಲೇ ಇಲ್ಲ. ಅದೀಗ ಜಪ್ತಿಯಾದ ವಸ್ತುವಾಗಿ ಠಾಣೆಯದೇ ಮುದ್ದೆಮಾಲು ಕೋಣೆಯಲ್ಲಿ, ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿತ್ತು.

ಅದನ್ನು ಜೀಪಿನಲ್ಲಿಟ್ಟುಕೊಂಡು, ಸೀನಣ್ಣನ ಜೊತೆ ಆಕೆ ಹೋದದ್ದು ಫೋಟೋ ಮೇಷ್ಟ್ರ ಚಿತ್ರಗಳನ್ನು ಮುದ್ರಿಸಿದ ಮುದ್ರಕನಲ್ಲಿಗೆ. ಕಿಟಕಿಗಳಿಗೆ ಬೂದು ಪರದೆ ಎಳೆದ ಉದ್ದನೆಯ ಕೋಣೆ, ಮಧ್ಯೆ ಊಟದ ಮೇಜಿನಷ್ಟು ದೊಡ್ಡ ಯಂತ್ರ. ಮುದ್ರಕ ದಪ್ಪ ಮನುಷ್ಯ, ಮಾತಿಗೆ ಬರವಿಲ್ಲ. ಚಿತ್ರವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದ. ಕಾಗದದ ಅಂಚನ್ನು ಬೆರಳಲ್ಲಿ ಸವರಿದ.

"ಇದು ನಾನೇ ಹಾಕಿದ್ದು. ಇದರ ಅಂಚಿನ ನಾರು ನೋಡಿ, ಇಲ್ಲಿ ಸ್ವಲ್ಪ ಕಿತ್ತಿದೆ. ಅವತ್ತು ನಾನೇ ಬೈಸ್ಕೊಂಡಿದ್ದೆ ಮೇಷ್ಟ್ರ ಹತ್ತಿರ."

"ಹಾಗಾದ್ರೆ ನಕಲಲ್ಲ."

"ನಕಲೆಲ್ಲಿಂದ ಬಂತು. ಸ್ಪ್ರೇ ಹೊಡೆದಿದಾರೆ, ಅಷ್ಟೇ."

ಅವನು ವಿವರಿಸಿದ್ದನ್ನು ಇನ್‌ಸ್ಪೆಕ್ಟರ್ ನಿಧಾನವಾಗಿ, ತಿರುತಿರುಗಿ ಕೇಳಿ ತಿಳಿದುಕೊಂಡಳು. ಇದು ಹತ್ತಿಯಿಂದ ಮಾಡಿದ, ಮಿರುಗಿಲ್ಲದ ಕಾಗದ. ಕೈಗೆ ನುಣುಪೆನಿಸಿದರೂ ಅದರ ಮೈ ಸೂಕ್ಷ್ಮವಾಗಿ ಒರಟು. ಬಿದ್ದ ಬೆಳಕು ಆ ಒರಟಿಗೆ ತಾಗಿ ಚೆದುರುತ್ತದೆ, ಅದರಿಂದ ಎಂಥ ಕಪ್ಪು ಶಾಯಿ ಹಾಕಿದರೂ ಮೇಲೆ ತೆಳ್ಳಗೆ ಬೂದಿ ಹಾರಿದ ಹಾಗೆ ಕಾಣುತ್ತದೆ. ಧೂಳು, ತೇವ, ಬೆರಳಿನ ಗೆರೆಗಳಿಂದ ಕಾಪಾಡಲೆಂದು ಕೆಲವರು ಇಂಥ ಚಿತ್ರಗಳಿಗೆ ಡಬ್ಬಿಯಿಂದ ರಕ್ಷಣೆಯ ವಾರ್ನಿಷ್ ಸಿಂಪಡಿಸುತ್ತಾರೆ. ಅದು ಒರಟನ್ನು ತುಂಬಿ ಸಮ ಮಾಡುತ್ತದೆ. ಆಗ ಕಪ್ಪು ಇನ್ನೂ ಕೆಳಕ್ಕಿಳಿಯುತ್ತದೆ. ಒಣಗಿದ ಹಾಸುಗಲ್ಲಿಗೆ ನೀರು ಚೆಲ್ಲಿದರೆ ಅದರ ಬಣ್ಣ ಎದ್ದು ಬರುವುದಿಲ್ಲವೇ, ಹಾಗೆ. ಹೆಚ್ಚು ಹೊಡೆದರೆ ಬೂಟ್ ಪಾಲಿಶ್ ಹಚ್ಚಿದ ಹಾಗೆ ಹೊಳೆಯುತ್ತದೆ. ಥಂಡಿ ಹವೆಯಲ್ಲಿ ಹೊಡೆದರೆ ಕಪ್ಪಿನ ಮೇಲೆ ಹಾಲಿನ ಕೆನೆಯಂತೆ ಮಬ್ಬು ಕಟ್ಟುತ್ತದೆ. ಒಮ್ಮೆ ಕೂತರೆ ಮತ್ತೆ ತೆಗೆಯಲು ಬರುವುದಿಲ್ಲ. ಫೋಟೋ ಮೇಷ್ಟ್ರಿಗೆ ಇದು ಬಿಲ್‌ಕುಲ್ ಆಗದು. ತಮ್ಮ ಕಪ್ಪು ಮಸಿಯ ಹಾಗೆ ಮಂಕಾಗಿಯೇ ಇರಬೇಕೆಂಬುದು ಅವರ ಹಟ.

"ನೋಡಿ ಬೇಕಾದ್ರೆ," ಎಂದು ಅವನು ಹಳೆಯ ಪರೀಕ್ಷಾ ಪ್ರತಿಯೊಂದನ್ನು ತೆಗೆದ. ಯಾವುದೋ ಮನೆಯ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲುಗಳ ಚಿತ್ರ. ಅರ್ಧಕ್ಕೆ ರಟ್ಟು ಮುಚ್ಚಿ, ಉಳಿದರ್ಧಕ್ಕೆ ದೂರದಿಂದ ಹಗುರವಾಗಿ ಸಿಂಪಡಿಸಿದ. ಸೀನಣ್ಣ ಮೊದಲ ಸೀನಿಗೇ ಬಾಗಿಲು ದಾಟಿ ಬೀದಿಗೆ ಬಿದ್ದ. ಒಣಗುವ ತನಕ ಅಲ್ಲಿಂದಲೇ ಅವನ ಸೀನು ಕೇಳಿಸುತ್ತಿತ್ತು.

"ಈ ಘಾಟೇ ಮೇಡಂ," ಎಂದು ಅವನು ಕಿಟಕಿಯಿಂದ ಕೂಗಿ ಹೇಳಿದ. "ನಿನ್ನೆ ನನ್ನ ಮಾತು ಯಾರು ಕೇಳಿದ್ರಿ?"

ರಟ್ಟು ತೆಗೆದಾಗ ಇನ್‌ಸ್ಪೆಕ್ಟರ್ ಕನ್ನಡಕ ಸರಿಮಾಡಿಕೊಂಡಳು. ಮುಚ್ಚಿದ್ದ ಕಡೆ ಮೆಟ್ಟಿಲುಗಳು ಇಳಿಯುತ್ತಾ ಹೋಗಿ ಒಂದು ಕಡೆ ಬೂದುಗಪ್ಪಿನಲ್ಲಿ ಕರಗಿಹೋಗಿದ್ದವು. ಸಿಂಪಡಿಸಿದ ಕಡೆ ಆ ಕಪ್ಪಿನೊಳಗೆ ಇನ್ನೂ ಎರಡು ಮೆಟ್ಟಿಲು ಕಾಣುತ್ತಿದ್ದವು.

"ಕಪ್ಪೂ ಹೆಚ್ಚಾಯ್ತು, ಕಾಣೋದೂ ಹೆಚ್ಚಾಯ್ತು?"

"ಕಪ್ಪು ಅಂದ್ರೆ ಒಂದೇ ಅಲ್ಲ, ಮೇಡಂ. ಅದರೊಳಗೂ ಹೆಚ್ಚು ಕಪ್ಪು, ಕಡಿಮೆ ಕಪ್ಪು ಇರುತ್ತೆ. ಮೇಲಿನ ಬೂದಿ ಹೋದ್ರೆ ಒಂದರಿಂದ ಒಂದು ಬೇರೆ ಕಾಣುತ್ತೆ."

ಆಕೆ ಬೇಕರಿಯವನ ಚಿತ್ರದ ಕಡೆ ತಿರುಗಿದಳು. ಇಷ್ಟು ಹೊತ್ತೂ ಆಕೆ ನೋಡಿದ್ದು ಬೆಂಕಿಯನ್ನು, ಬೆವರನ್ನು, ಮುಖವನ್ನು. ಈಗ ಅವನ ಬೆನ್ನ ಹಿಂದಿನ ಕತ್ತಲೆಯನ್ನು ನೋಡಿದಳು. ಮೊದಲು ಏನೂ ತೋರಲಿಲ್ಲ. ಕಣ್ಣು ಹೊಂದಿಕೊಂಡಂತೆ ಹಿಟ್ಟಿನ ಚೀಲಗಳ ದುಂಡು ಅಂಚು, ಆಮೇಲೆ ಉದ್ದನೆಯ ಮೇಜು, ಮೇಜಿನ ಹಿಂದೆ ಬಗ್ಗಿದ ಒಂದು ಭುಜ. ಒಬ್ಬ ಹೆಂಗಸು. ತೋಳುಗಳು ಮೊಣಕೈವರೆಗೆ ಹಿಟ್ಟಿನೊಳಗೆ. ಬಿಚ್ಚಿದ ಕೂದಲು ಕೆನ್ನೆಯ ಮೇಲೆ ಜಾರಿದೆ. ಅವಳು ಕ್ಯಾಮೆರಾ ಕಡೆ ನೋಡುತ್ತಿಲ್ಲ, ಕೆಲಸ ನೋಡುತ್ತಿದ್ದಾಳೆ.

ಇನ್‌ಸ್ಪೆಕ್ಟರ್ ಚಿತ್ರದ ಮೇಲೆ ಇನ್ನಷ್ಟು ಬಗ್ಗಿದಳು. ನಿನ್ನೆ ಪಂಚನಾಮೆಗೆ ತಾನೇ ಸಹಿ ಹಾಕಿದ್ದಳು: ಒಬ್ಬ ಗಂಡಸು, ಒಲೆ, ಹಿನ್ನೆಲೆ ಕಪ್ಪು. ಎರಡು ಸಲ ಓದಿ ಹಾಕಿದ ಸಹಿ ಅದು.

ಮುದ್ರಕ ಚಿತ್ರದ ಕೆಳಗಿನ ಅಂಚಿಗೆ ಬೆರಳು ತೋರಿಸುತ್ತಿದ್ದ. ಮೇಷ್ಟ್ರ ಪೆನ್ಸಿಲ್ ಸಹಿಯ ಮೇಲೆ, ದೀಪಕ್ಕೆ ಓರೆ ಹಿಡಿದರಷ್ಟೇ ಕಾಣುವ ಒಂದು ನೇರ ಗೆರೆ. ವಾರ್ನಿಷ್ ಅಲ್ಲಿಗೆ ನಿಂತಿತ್ತು. ಸಿಂಪಡಿಸುವ ಮೊದಲು ಯಾರೋ ಸಹಿಗೆ ಕಾಗದದ ಪಟ್ಟಿ ಅಡ್ಡ ಇಟ್ಟಿದ್ದರು.

"ಹಾಳು ಮಾಡೋಕೆ ಬಂದವರು ಇಷ್ಟು ಮರ್ಯಾದೆ ಕೊಡ್ತಾರಾ?" ಎಂದಳು ಆಕೆ.

"ಸಹಿ ಅಂದ್ರೆ ಮಾಡಿದವರ ಕೈ, ಅದರ ಮೇಲೆ ನಮ್ಮ ಕೈ ಬೀಳಬಾರದು ಅಂತ ಅವಳು ಯಾವಾಗಲೂ..." ಎಂದು ಶುರುಮಾಡಿದ ಮುದ್ರಕ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಅವಳು ಅಂದ್ರೆ?"

ಅವನು ಯಂತ್ರದ ಮೇಲಿನ ಇಲ್ಲದ ಧೂಳನ್ನು ಒರೆಸಿದ. ಹೇಳದೆ ವಿಧಿಯಿರಲಿಲ್ಲ. ಮೊದಲು ಅವನಲ್ಲೇ ವಾರ್ನಿಷ್ ಕೆಲಸ ಮಾಡುತ್ತಿದ್ದವಳು, ಈಗ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಚೌಕಟ್ಟಿನ ಅಂಗಡಿ ಇಟ್ಟುಕೊಂಡಿದ್ದಾಳೆ. ಈ ಪ್ರದರ್ಶನದ ಚೌಕಟ್ಟುಗಳೆಲ್ಲ ಅವಳವೇ. ಗಾಜು ಒರೆಸಲು ರಜೆಯ ದಿನ ಚಿತ್ರಶಾಲೆಗೆ ಬಂದು ಹೋಗುವುದು ಅವಳ ವಾಡಿಕೆ. "ಒಳ್ಳೆ ಹುಡುಗಿ, ಮೇಡಂ," ಎಂದು ಅವನು ಜೀಪಿನ ತನಕ ಬಂದು ಹೇಳಿದ.

ಅಲ್ಲಿಗೆ ಹೋಗುವ ಮೊದಲು ಆಕೆ ಫೋಟೋ ಮೇಷ್ಟ್ರ ಮನೆಗೆ ಹೋದಳು. ಅವರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಚಿತ್ರ ನಿಮ್ಮದೇ ಎಂದು ಮುದ್ರಕ ಗುರುತಿಸಿದ್ದಾನೆ ಎಂದಾಗ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ.

"ಹಿಂದೆ ಇರೋ ಹೆಂಗಸು ಯಾರು?"

"ನಿಮಗೂ ಕಂಡಳಾ?"

"ಕಂಡಳು."

"ಅವನ ಹೆಂಡತಿ," ಎಂದರು ಮುದುಕರು. ಆಮೇಲೆ ತಾವಾಗಿಯೇ ಮಾತಾಡಿದರು. ಆವತ್ತು ಒಂದು ನಿಮಿಷ ಬದಿಗೆ ಹೋಗಿ ನಿಲ್ಲು ಎಂದು ಅವಳಿಗೆ ಹೇಳಿದ್ದರಂತೆ. ಹಿಟ್ಟು ಕಾಯಲ್ಲ ಎಂದು ಅವಳು ಕದಲಲಿಲ್ಲವಂತೆ. ಬೆಂಕಿಯೆದುರು ಒಬ್ಬನೇ ನಿಂತ ಮನುಷ್ಯ ಎಂಬ ಕಲ್ಪನೆ ಅವರ ತಲೆಯಲ್ಲಿ ಆಗಲೇ ಕೂತುಬಿಟ್ಟಿತ್ತು. ಹಾಗಾಗಿ ಚಿತ್ರವನ್ನು ಮುದ್ರಿಸುವಾಗ ಅವಳನ್ನು ಕಪ್ಪಿನಲ್ಲಿ ಮುಚ್ಚಿದರು. ಚಿತ್ರ ಹೆಸರು ಮಾಡಿತು. ಹೋದ ತಿಂಗಳು ಅವಳ ಮಗಳು ಬಂದು, ಅಮ್ಮ ಕಾಣುವ ಹಾಗೆ ಒಂದು ಪ್ರತಿ ಹಾಕಿಸಿಕೊಡಿ ಎಂದು ಕೇಳಿದ್ದಳು.

"ಏನಂದ್ರಿ?"

"ಇಬ್ಬರಿದ್ರೆ ಅದು ಆ ಚಿತ್ರ ಅಲ್ಲ ಅಂದೆ. ಈಗಲೂ ಅದೇ ಅಂತೀನಿ. ಆದ್ರೆ ನಿನ್ನೆ ನೋಡಿದಾಗ..." ಎಂದು ಊರುಗೋಲಿನ ಹಿಡಿಯನ್ನು ತಿರುಗಿಸುತ್ತ ಕೂತರು.

"ಮಗಳು ಏನು ಮಾಡ್ತಾಳೆ?"

"ಚೌಕಟ್ಟು ಕಟ್ಟುತ್ತಾಳೆ."

ಮಾರುಕಟ್ಟೆಯ ಹಿಂದಿನ ಬೀದಿಗೆ ಜೀಪು ಹೋಗುವುದಿಲ್ಲ. ಸೀನಣ್ಣ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಹಿಂಬಾಲಿಸಿದ. ಅಂಗಡಿ ಚಿಕ್ಕದು, ಗೋಡೆಗೆ ಒರಗಿಸಿದ ಮರದ ಪಟ್ಟಿಗಳು, ಗಾಜು ಕೊಯ್ಯುವ ಮೇಜು, ನೆಲದಲ್ಲಿ ಹೊಟ್ಟು. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಯಾರದೋ ಮದುವೆಯ ಫೋಟೋಕ್ಕೆ ಹಿಂಬದಿ ಮುಚ್ಚುತ್ತಿದ್ದಳು. ಕಂದು ಟೇಪನ್ನು ಹರಿದಳು, ತುದಿಯನ್ನು ಒಳಕ್ಕೆ ಕಿರಿದಾಗಿ ಮಡಚಿದಳು, ಹೆಬ್ಬೆರಳಿನಿಂದ ಉಜ್ಜಿದಳು. ತಲೆಯೆತ್ತಿದಾಗ ಖಾಕಿ ಕಂಡಿತು. ಟೇಪಿನ ಸುರುಳಿಯನ್ನು ಅದರ ಮೊಳೆಗೆ ಸರಿಯಾಗಿ ಸಿಕ್ಕಿಸಿದ ಮೇಲೆಯೇ ಮಾತಾಡಿದಳು.

"ತಾತನ್ನ ಬಿಟ್ರಾ?"

"ಠಾಣೇಲಿ ಟೀ ಕುಡೀತಾ ಕೂತಿದಾರೆ. ನಿಮ್ಮ ಹೆಸರು ಹೇಳಲಿಲ್ಲ."

"ಅದಕ್ಕೇ ಭಯ ಆಗಿತ್ತು. ನಾಳೆ ನಾನೇ ಬರೋಳಿದ್ದೆ, ಮೇಡಂ."

"ಎಲ್ಲರೂ ನಾಳೇನೇ ಬರೋರು," ಎಂದ ಸೀನಣ್ಣ ಕರವಸ್ತ್ರದೊಳಗಿಂದ. ಇನ್‌ಸ್ಪೆಕ್ಟರ್ ಅವನ ಕಡೆ ನೋಡಿದಳು. ಅವನು ಮರದ ಪಟ್ಟಿಗಳನ್ನು ಪರೀಕ್ಷಿಸತೊಡಗಿದ.

"ಸ್ಪ್ರೇ ಯಾವಾಗ ಹೊಡೆದ್ರಿ?"

"ಸೋಮವಾರ. ಹಿಂದಿನ ಕೋಣೇಲಿ. ಬಿಸಿಲು ಚೆನ್ನಾಗಿತ್ತು, ಮಬ್ಬು ಕಟ್ಟಲ್ಲ ಅಂತ ನೋಡ್ಕೊಂಡೆ. ತೆಳ್ಳಗೆ ಮೂರು ಸಲ."

"ತಾತನಿಗೆ ಗೊತ್ತಿತ್ತಾ?"

"ಇಲ್ಲ. ಗಾಜು ಒರೆಸ್ತೀನಿ ಅಂದಿದ್ದೆ. ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಅಮ್ಮನ್ನ ಕರ್ಕೊಂಡು ಹೋದೆ. ಆಗ ನೋಡಿದ್ರು ಅವರೂ. ಅಮ್ಮನ್ನ, ಚಿತ್ರನ್ನ."

"ಒಣಗಿದ ಮೇಲೆ ತೆಗೆಯೋಕೆ ಬರಲ್ಲ ಅಂತ ಗೊತ್ತಿತ್ತಲ್ಲ."

"ಗೊತ್ತಿತ್ತು," ಎಂದಳು ಅವಳು. "ಅದಕ್ಕೇ ಸ್ಪ್ರೇ."

ಒಳಕೋಣೆಯಲ್ಲಿ ಒಬ್ಬ ಮುದುಕಿ ಕೂತು, ತೊಡೆಯ ಮೇಲಿನ ಬಟ್ಟೆಯನ್ನು ಎರಡೂ ಕೈಯಿಂದ ನಾದುತ್ತಿದ್ದಳು. ಮಗಳು ಹೇಳಿದ್ದಿಷ್ಟು. ಎರಡು ವರ್ಷದಿಂದ ಅಮ್ಮನಿಗೆ ಮರೆವು. ಒಂದೊಂದೇ ಉದುರಿ ಹೋಗುತ್ತಿದ್ದರೂ ಬೇಕರಿ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಒಲೆ, ಹಿಟ್ಟು, ಬೆಳಗಿನ ಜಾವ, ಗಂಡ. ಪ್ರದರ್ಶನ ಶುರುವಾದ ದಿನ, ಅಪ್ಪನನ್ನು ತೋರಿಸುತ್ತೇನೆ ಎಂದು ಮಗಳೇ ಆಸೆಪಟ್ಟು ಕರೆದುಕೊಂಡು ಹೋದಳು. ಅಮ್ಮ ಚಿತ್ರದ ಮುಂದೆ ನಿಂತಳು. ಗಂಡನನ್ನು ಗುರುತಿಸಿದಳು. ಆಮೇಲೆ ಅವನ ಹಿಂದೆ ಹುಡುಕಿದಳು. ಹೆಸರಿನ ಹಲಗೆಯನ್ನು ಯಾರೋ ಜೋರಾಗಿ ಓದಿದರು. ಅಮ್ಮ ಮನೆಗೆ ಬಂದು ಚಪ್ಪಲಿ ಬಿಡುತ್ತ, ಹಾಗಾದರೆ ನಾನು ಅಲ್ಲಿ ಇರಲಿಲ್ಲ ಎಂದಳು.

"ಅಷ್ಟೇ ಆಗಿದ್ರೆ ಸುಮ್ಮನಿರ್ತಿದ್ದೆ, ಮೇಡಂ. ಮಾರನೇ ದಿನದಿಂದ, ಬೇಕರಿ ಎಲ್ಲ ನಿಮ್ಮಪ್ಪ ಒಬ್ಬನೇ ಮಾಡಿದ್ದು, ನಾನು ಎಲ್ಲೋ ಇದ್ದೆ ಅನ್ನೋಕೆ ಶುರುಮಾಡಿದಳು. ಎಲ್ಲಿದ್ದೆ ಅಮ್ಮಾ ಅಂದ್ರೆ ಗೊತ್ತಿಲ್ಲ ಅಂತಾಳೆ. ಉಳಿದಿದ್ದು ಅದೊಂದು. ಅದನ್ನೂ ಆ ಚಿತ್ರ ತಗೊಂಡುಬಿಡ್ತು."

"ಮಂಗಳವಾರ ನೋಡಿದಾಗ?"

ಚೌಕಟ್ಟಿನವಳ ಮುಖ ಮೊದಲ ಸಲ ಸಡಿಲವಾಯಿತು. "ಗಾಜಿನ ಹತ್ತಿರ ಹೋಗಿ ನೋಡಿ, ಬೈದಳು. ಕೂದಲು ಕಟ್ಟಿಲ್ಲ ನೋಡು ಇವಳು, ಹಿಟ್ಟಿಗೆ ಬೀಳುತ್ತೆ ಅಂತ. ಆಮೇಲೆ ನನ್ನ ಕಡೆ ತಿರುಗಿ, ನಾನೇ ಅಲ್ವೇನೇ ಅದು, ಅಂದಳು."

ಡಬ್ಬಿಯನ್ನು, ಕಾಗದದ ಪಟ್ಟಿಯನ್ನು ಜಪ್ತಿ ಮಾಡಲಾಯಿತು. ಸಂಜೆ ಐದರ ಸುಮಾರಿಗೆ ಚೌಕಟ್ಟಿನ ಅಂಗಡಿಯವಳನ್ನು ದಸ್ತಗಿರಿ ಮಾಡಿರುವುದಾಗಿ ದಾಖಲಾಯಿತು. ಮುದುಕಿಯನ್ನು ಒಬ್ಬಳೇ ಬಿಡುವಂತಿರಲಿಲ್ಲ, ಅವಳೂ ಜೀಪಿನಲ್ಲಿ ಬಂದಳು. ಸೀನಣ್ಣ ಅವಳ ಕೈ ಹಿಡಿದು ಇಳಿಸಿ, ಠಾಣೆಯ ಬೆಂಚಿನ ಮೇಲೆ ಕಾವಲಿನ ತಾತನ ಪಕ್ಕ ಕೂರಿಸಿದ. ತಾತ ತನ್ನ ಬಿಸ್ಕತ್ತನ್ನು ಅವಳ ಕಡೆ ಸರಿಸಿದ. ಅವಳು ಮುರಿದು ನೋಡಿ, ಸರಿಯಾಗಿ ಬೆಂದಿಲ್ಲ ಎಂದಳು.

ಕಳವಿನ ಕಲಂ ತೆಗೆದು ಆಸ್ತಿಗೆ ಹಾನಿ ಎಂದು ಹಾಕಬೇಕಿದ್ದರೆ ಚಿತ್ರ ಅಸಲು ಎಂಬ ಹೇಳಿಕೆ ಬೇಕಿತ್ತು. ಫೋಟೋ ಮೇಷ್ಟ್ರು ಆಟೋದಲ್ಲಿ ಬಂದರು. ಬೆಂಚಿನ ಕಡೆ ನೋಡಿದರು. ಮುದುಕಿ ಅವರನ್ನು ಗುರುತಿಸಲಿಲ್ಲ.

"ದೂರು ವಾಪಸ್ ತಗೊಳ್ಳಿ ಅಂತ ನಾನು ಹೇಳಲ್ಲ. ಅವಳು ಮಾಡಿದ್ದು ತಪ್ಪೇ," ಎಂದರು ಇನ್‌ಸ್ಪೆಕ್ಟರಿಗೆ. "ಆದ್ರೆ ಚಿತ್ರ ನನ್ನದೇ. ನನ್ನದೇ ಅಂತ ಬರ್ಕೊಳ್ಳಿ."

ಆ ಒಂದು ಮಾತಿಗೆ ಕಾವಲಿನ ತಾತ ಬಿಡುಗಡೆಯಾದ. ಆದರೂ ಅವನು ಎದ್ದು ಹೋಗಲಿಲ್ಲ. ಚೌಕಟ್ಟಿನವಳಿಗೆ ಠಾಣೆಯಲ್ಲೇ ಜಾಮೀನು ಕೊಡಬಹುದಿತ್ತು. ಜಾಮೀನಿಗೆ ಮುದ್ರಕ ಆಗಲೇ ಬಂದು ಗೇಟಿನ ಹತ್ತಿರ ನಿಂತಿದ್ದ. ಕೋರ್ಟು, ದಂಡ, ಚಿತ್ರಶಾಲೆಯ ಕೆಲಸ ತಪ್ಪುವುದು, ಅದೆಲ್ಲ ಮುಂದಿನದು, ಮತ್ತು ಅದು ಬಂದೇ ಬರುತ್ತಿತ್ತು. ಇನ್‌ಸ್ಪೆಕ್ಟರಿಗೆ ಅದು ಗೊತ್ತಿತ್ತು, ಚೌಕಟ್ಟಿನವಳಿಗೂ ಗೊತ್ತಿತ್ತು.

ಒಂದು ಕೆಲಸ ಮಾತ್ರ ಬಾಕಿಯಿತ್ತು. ಒಮ್ಮೆ ಬರೆದ ಪಂಚನಾಮೆಯನ್ನು ತಿದ್ದುವಂತಿಲ್ಲ. ಹೆಚ್ಚುವರಿ ಪಂಚನಾಮೆ ಬರೆಯಬಹುದು. ಆಕೆ ಸ್ಟೇಷನರಿ ಅಂಗಡಿಯವನನ್ನೂ ಟೈಲರನ್ನೂ ಮತ್ತೆ ಕರೆಸಿ, ಚಿತ್ರವನ್ನು ಬಟ್ಟೆಯಿಂದ ಬಿಚ್ಚಿಸಿ, ದೀಪದ ಕೆಳಗೆ ಗೋಡೆಗೆ ಒರಗಿಸಿಟ್ಟಳು. ರೈಟರ್ ಪೆನ್ನು ಹಿಡಿದು ಕೂತ.

"ಒಬ್ಬ ಗಂಡಸು, ಒಲೆ. ಹಿನ್ನೆಲೆ ಕಪ್ಪು ಅಂತಲೇ ಬರೀಲಾ, ಮೇಡಂ?"

"ಬೇಡ. ಸರಿಯಾಗಿ ನೋಡಿ ಬರಿ. ಚಿತ್ರದಲ್ಲಿ ಇಬ್ಬರಿದ್ದಾರೆ. ಒಬ್ಬ ಗಂಡಸು, ಬ್ರೆಡ್ ಸುಡುತ್ತಿರುವುದು. ಒಬ್ಬ ಹೆಂಗಸು, ಹಿಟ್ಟು ನಾದುತ್ತಿರುವುದು."

ಪಂಚರು ಬಗ್ಗಿ ನೋಡಿದರು. ಹೌದಲ್ಲ, ಎಂದ ಟೈಲರ್. ರೈಟರ್ ಬರೆದುಕೊಂಡ. ಬೆಂಚಿನ ಮೇಲಿನ ಮುದುಕಿ ಬಾಗಿಲಿನಿಂದ ಇದನ್ನೆಲ್ಲ ನೋಡುತ್ತಿದ್ದಳು.

"ನೋಡಮ್ಮಾ," ಎಂದು ಅವಳು ಇನ್‌ಸ್ಪೆಕ್ಟರನ್ನು ಕರೆದಳು. "ಕೂದಲು ಕಟ್ಟಿರಲಿಲ್ಲ ಅಂತ ಬರೀಬೇಡಿ."

ಅದನ್ನು ಬರೆಯಲಿಲ್ಲ.